ಭಾವೀ ಶಿಕ್ಷಕರ ಮನೋಭಾವ

ಶಿಕ್ಷಕರಾಗಲಿರುವ ತರುಣ ತರುಣಿಯರಿಗೆ ಶಿಕ್ಷಕವೃತ್ತಿಯಲ್ಲಿಯೇ ಆದರವಿಲ್ಲವೆಂಬ ದೂರು ಈಚೆಗೆ ನಾನಾ ಬಾಯಿಗಳಿಂದ ಕೇಳಿಬರುತ್ತಲಿದೆ. ವಿದ್ಯಾಖಾತೆಯ ಅಧಿಕಾರಿಗಳು ಸಭೆಗಳಲ್ಲಿ ಅದನ್ನೇ ಹೇಳುತ್ತಾರೆ; ಶಿಕ್ಷಣ ಮಹಾವಿದ್ಯಾಲಯಗಳ ಪ್ರಾಚಾರ್ಯರು ಅದನ್ನೇ ಹೇಳುತ್ತಾರೆ; ನಿವೃತ್ತರಾದ ಹಿರಿಯ ಮಾಸ್ತರರಂತೂ ತಮ್ಮ ಕಾಲದ ನಿಷ್ಠೆಯನ್ನು ನೆನೆದು ನಿಟ್ಟುಸಿರು ಬಿಡದೆ ಈ ವಿಷಯವನ್ನು ಎತ್ತುವದೇ ಇಲ್ಲ. ತರಬೇತಿಗೆ ಬರುವವರು ಬೇರೆಲ್ಲಿಯೂ ಸಲ್ಲದವರು, ಅವರಿಗೆ ಬೇಕಾದುದು ಪ್ರಮಾಣಪತ್ರವೇ ಹೊರತು ವಿದ್ಯೆಯಲ್ಲ, ನೌಕರಿಯೇ ಹೊರತು ಸೇವೆಯಲ್ಲ ಎಂಬುದು ದೂರಿನ ಸಾರಾಂಶ. ಅದು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ಹಾಗೆ ದೂರುವವರು ಒಂದು ಪ್ರಶ್ನೆಯನ್ನು ತಮ್ಮನ್ನು ತಾವು ಕೇಳಿಕೊಳ್ಳದೆಯೇ ಮುಂದೆ ಸಾಗುತ್ತಾರೆ. ಈ ಮನಸ್ಸನ್ನು ಆ ತರುಣರು ಹುಟ್ಟುವಾಗಲೇ ತಂದರೇ, ಇಲ್ಲವೆ ನಾವೇ ಅವರಲ್ಲಿ ಅದನ್ನು ತುಂಬಿದೆವೇ? ಈ ದಿನ ಆ ಪ್ರಶ್ನೆಯನ್ನೇ ವಾಚಕರೆದುರು ಇಡಬೇಕೆಂದಿದ್ದೇವೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ನಡೆಯುವ ಆಲೋಚನೆಯನ್ನು ವಾಚಕರು ನೆನೆದುಕೊಳ್ಳಬೇಕು. ಮೊದಲನೆಯದು ವೈದ್ಯಕೀಯ, ಅದಲ್ಲದಿದ್ದರೆ ಇಂಜಿನಿಯರಿಂಗು, ಅದೂ ಅಲ್ಲದಿದ್ದರೆ ಯಾವುದಾದರೊಂದು ಪದವಿ. ಪದವಿಯೂ ಮುಗಿದು ಮುಂದೇನೂ ತೋಚದಿದ್ದಾಗ, ‘ಒಂದು ಬಿ.ಎಡ್. ಮಾಡಿಟ್ಟುಕೊಂಡಿರಲಿ’ ಎಂದು ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಈ ‘ಮಾಡಿಟ್ಟುಕೊಂಡಿರಲಿ’ ಎಂಬ ಮಾತಿನಲ್ಲಿಯೇ ನಮ್ಮ ಸಮಾಜವು ಶಿಕ್ಷಕವೃತ್ತಿಗೆ ಕಟ್ಟಿದ ಬೆಲೆಯೆಲ್ಲ ಅಡಗಿದೆ. ಉಪ್ಪಿನಕಾಯಿಯನ್ನು ಮಾಡಿಟ್ಟುಕೊಳ್ಳುತ್ತಾರೆ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆಗಳನ್ನು ಮಾಡಿಟ್ಟುಕೊಳ್ಳುತ್ತಾರೆ, ಅದರಂತೆ ಬಿ.ಎಡ್. ಪದವಿಯನ್ನೂ, ಬೇರೇನೂ ಇಲ್ಲದ ದಿನ ಬೇಕಾದೀತೆಂದು, ಮಾಡಿ ಭರಣಿಯಲ್ಲಿ ತುಂಬಿಡುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಆಲೋಚನೆ ಇನ್ನೊಂದು ರೀತಿಯದು. ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರಬಹುದು, ಮಕ್ಕಳಿಗೆ ರಜೆಯಿರುವಾಗ ತಾಯಿಗೂ ರಜೆ, ವರನ ಕಡೆಯವರು ಬೇಡವೆನ್ನಲಾರರು. ಆ ಹುಡುಗಿಗೆ ಗಣಿತದಲ್ಲಿ ಪ್ರೀತಿಯಿದೆಯೇ, ಮಕ್ಕಳನ್ನು ಕೂರಿಸಿಕೊಂಡು ಮಾತನಾಡುವ ಕಲೆಯಿದೆಯೇ ಎಂದು ಯಾರೂ ಕೇಳುವದಿಲ್ಲ. ಇದ್ದರೂ ಆಕೆ ಅದನ್ನು ಬಾಯಿಬಿಟ್ಟು ಹೇಳುವದಿಲ್ಲ; ಹೇಳಿದರೆ ನಗುವವರೇ ಹೆಚ್ಚು.

ಹೀಗೆ ಅರ್ಧ ಮನಸ್ಸಿನಿಂದ ಬಂದವರು ಅವರೊಬ್ಬರೇ ಏನು? ವಕೀಲಿ ವೃತ್ತಿಯಲ್ಲಿ, ಬ್ಯಾಂಕಿನ ನೌಕರಿಯಲ್ಲಿ, ಸರಕಾರದ ಕಚೇರಿಗಳಲ್ಲಿ, ಪತ್ರಿಕಾವ್ಯವಸಾಯದಲ್ಲಿ ಕೂಡ (ನಮ್ಮವರ ಹೆಸರು ಹೇಳುವದು ಬೇಡ) ಇಂಥವರು ಬೇಕಾದಷ್ಟಿದ್ದಾರೆ. ಹೇಗೆ ಬಂದರೆಂಬುದು ಮುಖ್ಯವಲ್ಲ. ಬಂದ ಬಳಿಕ ವೃತ್ತಿಯು ಅವರನ್ನು ಹಿಡಿದುಕೊಂಡಿತೇ ಇಲ್ಲವೇ ಎಂಬುದು ಮುಖ್ಯ.

ಹಿಂದಿನ ಕಾಲವೆಲ್ಲ ಅಪ್ಪಟ ಚಿನ್ನವಾಗಿತ್ತೆಂದು ನಂಬುವವರು ನಾವಲ್ಲ. ಶಿಕ್ಷಕರನ್ನು ತಯಾರಿಸುವ ಶಾಲೆಗಳು ನಮ್ಮ ದೇಶಕ್ಕೆ ಬೇಕೆಂದೂ, ಅಲ್ಲಿ ಕಲಿಯುವವರಿಗೆ ವೇತನ ಕೊಡಬೇಕೆಂದೂ 1854ರ ವುಡ್ ಸಾಹೇಬರ ನಿರೂಪವು ಹೇಳಿತು. ಧಾರವಾಡದಲ್ಲಿ ನಾರ್ಮಲ್ ಶಾಲೆ ಹುಟ್ಟಿದ್ದು ಆ ಕಾಲದಲ್ಲಿ. ಮೈಸೂರು ಸೀಮೆಯಲ್ಲಿ ರೈಸ್ ಸಾಹೇಬರ ಹೋಬಳಿ ಶಾಲೆಗಳ ಯೋಜನೆ ಬಂದದ್ದು 1868ರಲ್ಲಿ. ಆ ದಿನಗಳಲ್ಲಿ ತರಬೇತಿಗೆ ಬಂದ ಹುಡುಗರೆಲ್ಲರೂ ತ್ಯಾಗಮೂರ್ತಿಗಳಾಗಿದ್ದರೆಂದು ತಿಳಿಯಲು ಕಾರಣವಿಲ್ಲ. ವಿದ್ಯಾರ್ಥಿವೇತನದ ಆಸೆಯೂ ಸರಕಾರಿ ಪಗಾರದ ಆಸೆಯೂ ಅವರಿಗೂ ಇದ್ದಿರಲೇಬೇಕು. ಆದರೆ ಧಾರವಾಡದ ಶಾಲೆಯಲ್ಲಿ ಅವರಿಗೆ ಇನ್ನೊಂದು ಸಿಕ್ಕಿತು. ಮುಂದೆ ಡೆಪ್ಯೂಟಿ ಚನ್ನಬಸಪ್ಪನವರೆಂದು ನಾಡಿಗೆಲ್ಲ ಪರಿಚಿತರಾದವರು ಅಲ್ಲಿ ಮುಖ್ಯಾಧ್ಯಾಪಕರಾಗಿದ್ದರು. ಕನ್ನಡ ಮನೆಯ ಹುಡುಗನು ಶಾಲೆಯಲ್ಲಿ ಮರಾಠಿಯನ್ನೇ ಓದಬೇಕಾಗಿದ್ದ ಸೀಮೆಯದು. ಅಲ್ಲಿ ಕನ್ನಡ ಶಾಲೆಗಳು ತೆರೆಯಬೇಕಾದರೆ ಕನ್ನಡ ಬಲ್ಲ ಮಾಸ್ತರರು ಮೊದಲು ಬೇಕು; ಆ ಮಾಸ್ತರರು ನೀವೇ ಎಂಬ ಅರಿವು ಅಲ್ಲಿ ಕಲಿತವರಿಗೆ ಬಂದಿತು. 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಶಾಲೆಗೆ ‘ಮಠ’ವೆಂದು ಕರೆಯುತ್ತಿದ್ದ ಕಾಲವದು, ಈಗಿನ ‘ಜೀವನ ಶಿಕ್ಷಣ’ ಮಾಸಪತ್ರಿಕೆಯ ಮೂಲ ಅದರಲ್ಲಿಯೇ ಇದೆ. ಹಳ್ಳಿಯ ಮಾಸ್ತರನಿಗೆ ಓದಲು ಒಂದು ಪತ್ರಿಕೆ ಬೇಕು, ಅವನು ಬರೆಯಲೂ ಬಲ್ಲನು ಎಂದು ಯಾರೋ ಭಾವಿಸಿದರೆಂಬುದೇ ಅವನ ಎದೆಯನ್ನು ಒಂದು ಗೇಣು ಉಬ್ಬಿಸಿರಬೇಕು. ತನ್ನ ಕೆಲಸದಿಂದ ನಾಡಿನಲ್ಲಿ ಏನೋ ಒಂದು ಆಗುತ್ತದೆ, ತಾನಿಲ್ಲದಿದ್ದರೆ ಆಗುವದಿಲ್ಲ ಎಂದು ತಿಳಿದ ಮನುಷ್ಯನು ಆ ಕೆಲಸವನ್ನು ಹೀನವೆಂದು ಎಣಿಸಲಾರನು.

ಈಗ ಆ ಅರಿವಿನ ಸ್ಥಳವನ್ನು ಸ್ತುತಿಯು ಆಕ್ರಮಿಸಿದೆ. 1962ರಿಂದ ಪ್ರತಿವರ್ಷ ಸೆಪ್ಟೆಂಬರ 5ರಂದು ನಾವು ಶಿಕ್ಷಕರ ದಿನವನ್ನು ಆಚರಿಸುತ್ತಲಿದ್ದೇವೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ ರಾಧಾಕೃಷ್ಣನ್ನರು 1921ರಲ್ಲಿ ಕಲಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದು ರೈಲ್ವೆ ನಿಲ್ದಾಣ ಮುಟ್ಟಿಸಿದ ಸಂಗತಿಯು ಆ ದಿನದ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಸಂಗತಿ ಸೊಗಸಾದುದು, ನಮ್ಮ ನಾಡಿನಲ್ಲಿ ನಡೆದುದೆಂಬ ಅಭಿಮಾನವೂ ನಮಗಿದೆ. ಆದರೆ ಆ ಗಾಡಿಯಲ್ಲಿ ಕುಳಿತವರು ಕಾಲೇಜಿನ ಪ್ರಾಧ್ಯಾಪಕರೆಂಬುದನ್ನು ಭಾಷಣಕಾರರು ಮರೆಯುತ್ತಾರೆ. ಒಂದನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿಸುವವರ ಗಾಡಿಯ ಮಾತು ಆ ಭಾಷಣಗಳಲ್ಲಿ ಬರುವದಿಲ್ಲ. ತರಬೇತಿಯ ಹುಡುಗ ಹುಡುಗಿಯರು ಹಿಂದಿನ ಸಾಲಿನಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮತ್ತು ಸ್ತುತಿಗೂ ಸಂಬಳಕ್ಕೂ ನಡುವಿರುವ ಅಂತರವನ್ನು ನಮಗಿಂತ ಚೆನ್ನಾಗಿ ಅಳೆಯುತ್ತಾರೆ.

ಅಳತೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಭಾವೀ ಶಿಕ್ಷಕರ ಮನೋಭಾವವನ್ನು ಅಳೆಯುವದಕ್ಕೆಂದು ಪಂಡಿತರು ಮಾಪನಗಳನ್ನು ರಚಿಸಿದ್ದಾರೆ. ಲೈಕರ್ಟ್ ಎಂಬ ಅಮೇರಿಕದ ವಿದ್ವಾಂಸರು 1932ರಲ್ಲಿ ತೋರಿದ ಹಾದಿಯದು: ಒಂದು ಹೇಳಿಕೆಯನ್ನು ಕೊಟ್ಟು, ‘ಪೂರ್ಣ ಒಪ್ಪುತ್ತೇನೆ’ ಎಂಬಲ್ಲಿಂದ ‘ಪೂರ್ಣ ಒಪ್ಪುವದಿಲ್ಲ’ ಎಂಬಲ್ಲಿಯವರೆಗೆ ಐದು ಮೆಟ್ಟಲುಗಳಲ್ಲಿ ಒಂದಕ್ಕೆ ಗುರುತು ಹಾಕಿಸುವದು. ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಶಿಕ್ಷಕರಿಗಾಗಿ ರಚಿಸಿದ ಪ್ರಶ್ನಾವಳಿ 1951ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಅಹ್ಲುವಾಲಿಯಾ ಅವರದು ಬಹಳ ಬಳಕೆಯಲ್ಲಿದೆ, ಅದರಲ್ಲಿ 90 ಹೇಳಿಕೆಗಳಿವೆ. ಇವುಗಳನ್ನು ಹಂಚಿ, ಗುರುತುಗಳನ್ನು ಕೂಡಿಸಿ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳು ಒಂದರ ಮೇಲೊಂದು ತಯಾರಾಗಿವೆ. ಒಂದರಲ್ಲಿ ಸ್ತ್ರೀಯರ ಮನೋಭಾವವು ಪುರುಷರದಕ್ಕಿಂತ ಅನುಕೂಲವೆಂದು ಸಿದ್ಧವಾದರೆ ಇನ್ನೊಂದರಲ್ಲಿ ಭೇದವೇ ಇಲ್ಲವೆಂದು ಸಿದ್ಧವಾಗುತ್ತದೆ. ಹಳ್ಳಿಯವರು, ಪಟ್ಟಣದವರು, ಕಲಾಶಾಖೆಯವರು, ವಿಜ್ಞಾನಶಾಖೆಯವರು ಎಂದು ಮುಂದಿನ ಕೋಷ್ಟಕಗಳು ಸಾಲುಗಟ್ಟುತ್ತವೆ.

ಶಾಸ್ತ್ರವನ್ನು ನಾವು ಹಳಿಯುವವರಲ್ಲ. ಆದರೆ ಈ ಹಾಳೆಗಳಿಗೆ ಉತ್ತರ ಬರೆಯುವ ವಿದ್ಯಾರ್ಥಿಯ ಸ್ಥಿತಿಯನ್ನು ಯೋಚಿಸಿರಿ. ಕಾಗದ ಹಂಚುವವರು ಅವನ ಉಪನ್ಯಾಸಕರು ಇಲ್ಲವೆ ಅವರ ಸ್ನೇಹಿತರು. ಅವನ ಆಂತರಿಕ ಅಂಕಗಳು ಅವರ ಕೈಯಲ್ಲಿವೆ. ಶಿಕ್ಷಕವೃತ್ತಿಯು ಉದಾತ್ತವಾದುದೆಂಬ ಹೇಳಿಕೆಯ ಮುಂದೆ ಅವನು ಎಲ್ಲಿ ಗುರುತು ಹಾಕಿಯಾನು? ಕನ್ಯೆ ನೋಡಲು ಬಂದವರೆದುರು ‘ಅಡಿಗೆ ಬರುತ್ತದೆಯೇ?’ ಎಂದು ಕೇಳಿದಂತಾಯಿತು. ‘ಅನುಕೂಲ ಮನೋಭಾವ’ ಎಂದು ಪ್ರಬಂಧದಲ್ಲಿ ಅಚ್ಚಾದ ದಿನವೇ ಅದೇ ವಿದ್ಯಾರ್ಥಿಯು ಬ್ಯಾಂಕಿನ ಪರೀಕ್ಷೆಗೂ, ಪೊಲೀಸ್ ಖಾತೆಯ ಪರೀಕ್ಷೆಗೂ, ಎಫ್.ಡಿ.ಎ. ಪರೀಕ್ಷೆಗೂ ಅರ್ಜಿ ತುಂಬುತ್ತಿರುತ್ತಾನೆ. ಇದರಿಂದ ಅವನು ಕಪಟಿಯೆಂದಾಗಲಿಲ್ಲ. ಎರಡೂ ಅವನ ಮನಸ್ಸೇ.

ಇನ್ನು ಆ ಮನಸ್ಸು ಎಲ್ಲಿ ರೂಪುಗೊಂಡಿತೆಂಬುದಕ್ಕೆ ಬರೋಣ. ಅಮೇರಿಕದ ಸಮಾಜಶಾಸ್ತ್ರಜ್ಞರಾದ ಡ್ಯಾನ್ ಲಾರ್ಟಿಯವರು 1975ರಲ್ಲಿ ಒಂದು ಮಾತನ್ನು ಎತ್ತಿ ತೋರಿಸಿದರು. ವೈದ್ಯನಾಗಲಿರುವವನು ವೈದ್ಯರನ್ನು ಹೆಚ್ಚು ಕಂಡಿರುವದಿಲ್ಲ, ವಕೀಲನಾಗಲಿರುವವನು ಕೋರ್ಟನ್ನು ಕಂಡಿರುವದಿಲ್ಲ. ಆದರೆ ಶಿಕ್ಷಕನಾಗಲಿರುವವನು ತರಬೇತಿಯ ಬಾಗಿಲಿಗೆ ಬರುವ ಮುನ್ನವೇ ಸಾವಿರಾರು ತಾಸು ಶಿಕ್ಷಕರೆದುರು ಕುಳಿತಿರುತ್ತಾನೆ. ಅಲ್ಲಿಯ ಲೆಕ್ಕ ಸುಮಾರು 13,000 ತಾಸು. ನಮ್ಮ ಲೆಕ್ಕವನ್ನೂ ಹಾಕಿ ನೋಡಬಹುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಒಂದರಿಂದ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 800 ತಾಸು, ಆರರಿಂದ ಎಂಟರವರೆಗೆ 1,000 ತಾಸು ಪಾಠ ನಡೆಯಬೇಕು. ಎಂಟು ವರ್ಷಗಳಿಗೆ ಒಟ್ಟು 7,000 ತಾಸಾಯಿತು, ಪ್ರೌಢಶಾಲೆ, ಪಿ.ಯು. ತರಗತಿಗಳ ವರ್ಷಗಳು ಇದರ ಮೇಲೆ. ಈ ತಾಸುಗಳಲ್ಲಿ ಹುಡುಗನು ಬರಿಯ ಪಾಠವನ್ನು ಕಲಿಯಲಿಲ್ಲ, ಮಾಸ್ತರರನ್ನೂ ಕಲಿತನು. ಅವರು ಕೋಲು ಹಿಡಿದದ್ದು, ಸಿಟ್ಟಿಗೆದ್ದದ್ದು, ಒಂದು ದಿನ ನಗಿಸಿದ್ದು, ಸಾಹೇಬರು ಬಂದಾಗ ಎದ್ದು ನಿಂತು ಕೈಕಟ್ಟಿದ್ದು ಇವೆಲ್ಲ ಅವನೊಳಗೆ ಇಳಿದಿವೆ. ಶಿಕ್ಷಕನೆಂದರೆ ಏನೆಂಬುದಕ್ಕೆ ಅವನಲ್ಲಿ ಸಿದ್ಧವಾದ ಚಿತ್ರವಿದೆ. ಎರಡು ವರ್ಷದ ತರಬೇತಿಯಲ್ಲಿ ರೂಸೋನ ಮತ, ಹರ್ಬಾರ್ಟನ ಸೋಪಾನಗಳು, ಪಿಯಾಜೆಯ ಹಂತಗಳು ಎಂದು ಓದಿಸಿ ಪರೀಕ್ಷೆಯಲ್ಲಿ ಬರೆಯಿಸಿದರೆ ಆ ಚಿತ್ರ ಅಳಿಸುವದಿಲ್ಲ. ಅದನ್ನು ಅಳಿಸಬಲ್ಲುದು, ತಿದ್ದಬಲ್ಲುದು ಒಂದೇ: ಮಕ್ಕಳೆದುರು ತಾನೇ ನಿಂತ ಅನುಭವ.

ಈ ಕಾರಣದಿಂದಲೇ 2014ರ ನಿಯಮಾವಳಿಯು ಬಿ.ಎಡ್. ತರಬೇತಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಬೆಳೆಸಿ, ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದು ವಿಧಿಸಿತು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ವಿಧಿಯು ಯೋಗ್ಯವಾದುದು. ಅದು ಹೇಗೆ ನಡೆಯುತ್ತದೆಂಬುದನ್ನು ನಾವು ಕಣ್ಣಾರೆ ಕಂಡ ಒಂದು ಪ್ರಸಂಗದಿಂದ ಹೇಳುತ್ತೇವೆ.

ಉತ್ತರ ಕರ್ನಾಟಕದ ಒಂದು ದೊಡ್ಡ ಹಳ್ಳಿಯ ಶಾಲೆ. ಐದನೆಯ ಇಯತ್ತೆಗೆ ಗಣಿತ, ಪಾಠ ಭಿನ್ನರಾಶಿಗಳದು. ಪಾಠ ಹೇಳುವವಳು ತರಬೇತಿಯ ತರುಣಿ. ಗೋಡೆಗೆ ಬಣ್ಣಬಣ್ಣದ ಚಿತ್ರಪಟ, ಮೇಜಿನ ಮೇಲೆ ರಟ್ಟಿನ ವೃತ್ತಗಳು, ಕೈಯಲ್ಲಿ ಅಚ್ಚುಕಟ್ಟಾದ ಪಾಠಯೋಜನೆಯ ವಹಿ. ಹುಡುಗರು ಕೇಳಿದ್ದಕ್ಕೆಲ್ಲ ಸರಸರನೆ ಉತ್ತರ ಕೊಡುತ್ತಿದ್ದರು. ಹಿಂದಿನ ದಿನವೇ ಅದೇ ಪಾಠ ಒಮ್ಮೆ ಆಗಿತ್ತೆಂದು ಪಕ್ಕದ ಹುಡುಗನೊಬ್ಬನು ನಮಗೆ ಪಿಸುಗುಟ್ಟಿದನು. ಮೇಲ್ವಿಚಾರಣೆಯ ಉಪನ್ಯಾಸಕರು ಬಂದರು, ಐದು ನಿಮಿಷ ಕುಳಿತರು, ವಹಿಯಲ್ಲಿ ‘ಉತ್ತಮ’ ಎಂದು ಬರೆದು ರುಜು ಮಾಡಿ ಮುಂದಿನ ಶಾಲೆಗೆ ಹೊರಟರು. ಅವರಿಗೆ ಆ ದಿನ ಇನ್ನೂ ನಾಲ್ಕು ಶಾಲೆಗಳಿದ್ದವಂತೆ. ಅವರು ಹೋದ ಮೇಲೆ ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗನು ಎದ್ದು ನಿಂತನು. “ಅಕ್ಕೋರ, ನಾಕು ಎರಡಕ್ಕಿಂತ ದೊಡ್ಡದಲ್ರಿ? ಹಂಗಾರ ನಾಕನೇ ಒಂದು ಎರಡನೇ ಒಂದಕ್ಕಿಂತ ದೊಡ್ಡದಾಗಬೇಕಲ್ರಿ?” ಎಂದು ಕೇಳಿದನು.

ಆ ಪ್ರಶ್ನೆಗೆ ವಹಿಯಲ್ಲಿ ಉತ್ತರವಿರಲಿಲ್ಲ. ತರುಣಿ ಒಂದು ಕ್ಷಣ ತಬ್ಬಿಬ್ಬಾದಳು. ಬಳಿಕ ಚಿತ್ರಪಟವನ್ನು ಅಲ್ಲಿಯೇ ಬಿಟ್ಟು ತನ್ನ ಚೀಲಕ್ಕೆ ಕೈಹಾಕಿ, ಮಧ್ಯಾಹ್ನಕ್ಕೆಂದು ಕಟ್ಟಿಕೊಂಡು ಬಂದ ಬುತ್ತಿಯನ್ನು ಬಿಚ್ಚಿ, ಎರಡು ಜೋಳದ ರೊಟ್ಟಿಗಳನ್ನು ಹೊರಗೆ ತೆಗೆದಳು. ಒಂದನ್ನು ಎರಡು ಮಾಡಿದಳು, ಇನ್ನೊಂದನ್ನು ನಾಲ್ಕು ಮಾಡಿದಳು. “ನಿನಗ ಹಸಿವಿ ಭಾಳ ಆಗೇತಿ. ಯಾವ ತುಂಡು ತಗೋತಿ?” ಎಂದಳು. ಹುಡುಗನು ಅರ್ಧ ರೊಟ್ಟಿಗೆ ಕೈಚಾಚಿದನು, ಅರ್ಧದಲ್ಲಿಯೇ ನಿಂತನು. ಅವನ ಮುಖದ ಮೇಲೆ ಏನೋ ಬೆಳಗಿದಂತಾಯಿತು. ಇಡಿಯ ವರ್ಗ ನಕ್ಕಿತು, ಅವನೂ ನಕ್ಕನು. ಪಾಠ ಮುಗಿದ ಮೇಲೆ ನಾವು ಆಕೆಯನ್ನು ಮಾತನಾಡಿಸಿದೆವು. “ನಾನು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೇನೆ, ಮನೆಯವರ ಒತ್ತಾಯದಿಂದ ಇಲ್ಲಿಗೆ ಬಂದೆ, ಸುಳ್ಳೇಕೆ ಹೇಳಲಿ?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಆ ಹುಡುಗ ನಾಳೆ ಏನು ಕೇಳುತ್ತಾನೋ ಎಂದು ಯೋಚನೆ ಹತ್ತಿದೆ” ಎಂದಳು.

ಆ ಎರಡನೆಯ ಮಾತೇ ಶಿಕ್ಷಕವೃತ್ತಿಯ ಆರಂಭ. 90 ಹೇಳಿಕೆಗಳ ಯಾವ ಮಾಪನದಲ್ಲಿಯೂ ಅದಕ್ಕೆ ಮನೆಯಿಲ್ಲ. ಅದಕ್ಕಿಂತಲೂ ಹೆಚ್ಚಿನ ವಿಷಾದದ ಸಂಗತಿಯೆಂದರೆ, ಆ ಗಳಿಗೆಯನ್ನು ಕಾಣಬೇಕಾದವರು ಆಗಲೇ ರುಜು ಮಾಡಿ ಹೋಗಿಬಿಟ್ಟಿದ್ದರು. ‘ಉತ್ತಮ’ವೆಂಬ ಪ್ರಶಸ್ತಿ ದೊರೆತದ್ದು ಹಿಂದಿನ ದಿನ ಬಾಯಿಪಾಠ ಮಾಡಿಸಿದ ನಾಟಕಕ್ಕೆ, ರೊಟ್ಟಿ ಮುರಿದ ನಿಜವಾದ ಪಾಠವು ಯಾವ ದಾಖಲೆಯಲ್ಲಿಯೂ ಬರಲಿಲ್ಲ. ಆ ಶಾಲೆಯ ವರ್ಗಶಿಕ್ಷಕರಾದರೂ ಇದ್ದರೇ? ಅವರು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕುಳಿತು ಬಿಸಿಯೂಟದ ಲೆಕ್ಕವನ್ನೂ ಮಕ್ಕಳ ಮಾಹಿತಿಯನ್ನೂ ಗಣಕಯಂತ್ರಕ್ಕೆ ಏರಿಸುತ್ತಿದ್ದರು. ತರಬೇತಿಯವರು ಬಂದುದು ಅವರಿಗೆ ಆ ಕೆಲಸ ಮುಗಿಸಿಕೊಳ್ಳಲು ದೊರೆತ ಬಿಡುವಾಗಿತ್ತು. ಅವರನ್ನು ದೂರುವದೂ ನ್ಯಾಯವಲ್ಲ. ಜನಗಣತಿ, ವಿಪತ್ಪರಿಹಾರ, ಚುನಾವಣೆಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ತೊಡಗಿಸಬಾರದೆಂದು ಕಾಯಿದೆಯ 27ನೆಯ ಕಲಮು ಹೇಳಿದರೂ, ಕಲಮಿನ ಹೊರಗಿನ ಕಾಗದಪತ್ರಗಳ ಹೊರೆಯನ್ನು ಯಾರೂ ಇಳಿಸಿಲ್ಲ. ಭಾವೀ ಶಿಕ್ಷಕಿಯು ಇದನ್ನೂ ನೋಡುತ್ತಾಳೆ. ಹತ್ತು ವರ್ಷದ ಮೇಲೆ ತಾನೆಲ್ಲಿ ಕುಳಿತಿರುತ್ತೇನೆಂಬುದನ್ನು ಆ ಕೋಣೆಯ ಕಿಟಕಿಯಿಂದಲೇ ಕಾಣುತ್ತಾಳೆ.

ಚಿಕ್ಕ ಹಳ್ಳಿಗಳ ಮಾತು ಇದಕ್ಕಿಂತ ಬಿಗಿಯಾದುದು. ಅಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಮೂರು ನಾಲ್ಕು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ಇಂಥ ಕೋಣೆಗಾಗಿಯೇ ನಮ್ಮವರು ಹುಡುಕಿದ ಒಂದು ಹಾದಿ ‘ನಲಿಕಲಿ’. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾಗಿ, ಬಳಿಕ ನಾಡಿನ ಕೆಳಗಿನ ಇಯತ್ತೆಗಳಿಗೆಲ್ಲ ಹಬ್ಬಿತು. ಶಿಕ್ಷಕರೇ ಕುಳಿತು ಕಟ್ಟಿದ ಪದ್ಧತಿಯೆಂಬುದು ಅದರ ಹೆಮ್ಮೆ. ಆದರೆ ತರಬೇತಿಯ ವಹಿಯಲ್ಲಿ ಪಾಠವೆಂದರೆ ಇಂದಿಗೂ ಒಂದೇ ಇಯತ್ತೆ, ಒಂದೇ ವಿಷಯ, ನಾಲ್ವತ್ತು ನಿಮಿಷ. ಈಜು ಕಲಿಸುವೆವೆಂದು ಹರಳೆಣ್ಣೆಯ ಬಟ್ಟಲಲ್ಲಿ ಕೈಯಾಡಿಸಲು ಹೇಳಿ ಬಳಿಕ ತುಂಗಭದ್ರೆಗೆ ನೂಕಿದಂತೆ ಇದು. ನೌಕರಿಯ ಮೊದಲ ವಾರದಲ್ಲಿಯೇ ಆ ತರುಣನು ತನಗೆ ಕಲಿಸಿದ್ದೆಲ್ಲ ಸುಳ್ಳೆಂದು ತೀರ್ಮಾನಿಸಿಕೊಳ್ಳುತ್ತಾನೆ. ಅವನ ಒಳಗಿದ್ದ ಆ 7,000 ತಾಸುಗಳ ಹಳೆಯ ಚಿತ್ರವು ಎದ್ದು ಬಂದು ಅವನ ಕೈಯಲ್ಲಿ ಕೋಲನ್ನು ಕೊಡುತ್ತದೆ.

ತರಬೇತಿ ಕಾಲೇಜುಗಳ ಸ್ಥಿತಿಯ ಮಾತನ್ನು ಸಂಕ್ಷೇಪದಲ್ಲಿಯೇ ಮುಗಿಸುತ್ತೇವೆ, ಏಕೆಂದರೆ ಅದು ವಾಚಕರಿಗೆ ಹೊಸದಲ್ಲ. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ವರ್ಮಾ ಅವರ ಆಯೋಗವು 2012ರಲ್ಲಿ ವರದಿಯನ್ನೊಪ್ಪಿಸಿ, ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಖಾಸಗಿಯವರ ಕೈಯಲ್ಲಿವೆಯೆಂದು ತೋರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಹತ್ತು ಸಾವಿರಕ್ಕೂ ಮೇಲ್ಪಟ್ಟ ಇಂಥ ಸಂಸ್ಥೆಗಳಲ್ಲಿ ಬಹುಪಾಲು ತರಬೇತಿಯನ್ನು ಮನಃಪೂರ್ವಕವಾಗಿ ನಡೆಸುತ್ತಲೇ ಇಲ್ಲ, ಪದವಿಗಳನ್ನು ಬೆಲೆಗೆ ಮಾರುತ್ತಲಿವೆ ಎಂದು ಮುಚ್ಚುಮರೆಯಿಲ್ಲದೆ ಬರೆಯಿತು. ಸರಕಾರವೇ ತನ್ನ ನೀತಿಪತ್ರದಲ್ಲಿ ಹೀಗೆ ಒಪ್ಪಿಕೊಂಡ ಮೇಲೆ ನಾವು ಹೆಚ್ಚು ಹೇಳುವದೇನಿದೆ? ತರಗತಿಗೆ ಬರದೆ ಹಾಜರಿ ದೊರೆಯುವ ಕಾಲೇಜನ್ನು ಹುಡುಕಿಕೊಂಡು ಹೋದ ವಿದ್ಯಾರ್ಥಿಯನ್ನು ಉದಾಸೀನನೆನ್ನುವ ಮೊದಲು, ಆ ಹಾಜರಿಗೆ ದರ ಗೊತ್ತುಪಡಿಸಿದವರು ಯಾರೆಂದು ಕೇಳಬೇಕು. ಒಳ್ಳೆಯ ಮಾದರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಸ್ಥಾಪಿತವಾಗಿ, ವಿಷಯಜ್ಞಾನವನ್ನೂ ಬೋಧನಕಲೆಯನ್ನೂ ಕೂಡಿಸಿ ನಾಲ್ಕು ವರ್ಷ ಕಲಿಸುವ ಪದ್ಧತಿಯನ್ನು ಅಂದೇ ಹಾಕಿಕೊಟ್ಟಿತು. ದೇಶಕ್ಕೆಲ್ಲ ಅದೇ ಬೇಕೆಂದು 2020ರಲ್ಲಿ ಹೇಳಲು ನಮಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಆದರೆ ಭಾವೀ ಶಿಕ್ಷಕರ ಉತ್ಸಾಹವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕುಗ್ಗಿಸುವದು ಅನಿಶ್ಚಿತತೆ. ಪ್ರಾಥಮಿಕ ಶಿಕ್ಷಕರ ತರಬೇತಿಗೆ ಟಿ.ಸಿ.ಎಚ್. ಎಂಬ ಹೆಸರಿದ್ದ ಕಾಲದಲ್ಲಿ ಅದಕ್ಕೆ ಸೇರಲು ಸಾಲು ನಿಲ್ಲುತ್ತಿದ್ದರು, ಅದು ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಆಗಿದೆ. ಹೆಸರು ಬೆಳೆದಂತೆ ಸಾಲು ಕರಗಿತು. ಎಷ್ಟೋ ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಮುಚ್ಚಿದವು. ಬಿ.ಎಡ್. ಆದವರೂ ಒಂದರಿಂದ ಐದನೆಯ ಇಯತ್ತೆಗೆ ಶಿಕ್ಷಕರಾಗಬಹುದೆಂದು 2018ರಲ್ಲಿ ಅಧಿಸೂಚನೆ ಬಂದಿತು. ಅದು ಸಲ್ಲದೆಂದು 2023ರ ಆಗಸ್ಟ 11ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪು ಸರಿಯಾದುದೆಂದೇ ನಮ್ಮ ಮತ. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವದು ಬೇರೆಯೇ ಒಂದು ವಿದ್ಯೆ. ಆದರೆ ನಡುವಿನ ಐದು ವರ್ಷ ಅಧಿಸೂಚನೆಯನ್ನು ನಂಬಿ ಕಾಲವನ್ನೂ ಹಣವನ್ನೂ ಹಾಕಿದವರ ಪಾಡೇನು? ನಮ್ಮ ನಾಡಿನಲ್ಲಿಯೇ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಯಿತು. ವಿವಾಹಿತ ಸ್ತ್ರೀಯು ತರಬೇಕಾದ ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಂದೆಯ ಮನೆಯದೋ ಗಂಡನ ಮನೆಯದೋ ಎಂಬ ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೆ ಹೋಗಿ, ಆಯ್ಕೆಯಾದವರು 2023ರ ಉತ್ತರಾರ್ಧದವರೆಗೆ ಆದೇಶಪತ್ರಕ್ಕಾಗಿ ಕಾದರು. ಗಂಡನ ಮನೆಗೆ ಹೋದವಳು ಯಾವ ಮನೆಯವಳೆಂಬ ಹಳೆಯ ಪ್ರಶ್ನೆಯು ಶಾಲೆಯ ಕರಿಹಲಗೆಯ ಮುಂದೆ ಬಂದು ನಿಂತಿತು. ಅತ್ತ ಮಕ್ಕಳು ಗಣಿತದ ಶಿಕ್ಷಕರಿಲ್ಲದೆ ಒಂದು ಇಯತ್ತೆಯನ್ನು ದಾಟಿದರು.

ಕಾಯುವ ಕಾಲದಲ್ಲಿ ಅವರು ಮಾಡುವದೇನು? ಅತಿಥಿ ಶಿಕ್ಷಕರಾಗುತ್ತಾರೆ. ಅತಿಥಿಗೆ ನಮ್ಮ ಮನೆಗಳಲ್ಲಿ ಮೊದಲ ಎಲೆ. ಈ ಅತಿಥಿಗೆ ಮಾತ್ರ ಕೊನೆಯ ಎಲೆ. ಖಾಯಂ ಶಿಕ್ಷಕರಂತೆಯೇ ಪೂರ್ಣ ದಿನದ ಪಾಠ, ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ವರ್ಷ ಮುಗಿದೊಡನೆ ಅವರು ಅಪರಿಚಿತರು. ಕೊನೆಗೆ ಖಾಯಂ ನೌಕರಿ ದೊರೆತವರಿಗೂ, 2006ರ ಎಪ್ರಿಲ್ 1ರಿಂದ ಈಚೆಗೆ ಸೇರಿದವರಾದುದರಿಂದ, ಹಿಂದಿನವರಿಗಿದ್ದ ಪಿಂಚಣಿಯ ಭರವಸೆ ಇಲ್ಲದಾಯಿತು. ಶಿಕ್ಷಕನ ಬಡತನವನ್ನು ನುಂಗಿಕೊಳ್ಳುವಂತೆ ಮಾಡುತ್ತಿದ್ದ ಒಂದೇ ಸಮಾಧಾನವೆಂದರೆ ಮುಪ್ಪಿನ ನಿಶ್ಚಿಂತೆ. ಅದಕ್ಕೆ ಬೆಲೆ ಕಟ್ಟಲು ಮರೆತವರು ಈಗ ತರುಣರು ಲೆಕ್ಕ ಹಾಕುತ್ತಾರೆಂದು ಆಶ್ಚರ್ಯಪಡುತ್ತಾರೆ.

ಹೀಗಿರುವಲ್ಲಿ ಮಾಡತಕ್ಕುದೇನು? ಸಂಬಳ, ಪಿಂಚಣಿಗಳ ಪ್ರಶ್ನೆ ದೊಡ್ಡದು. ಬೊಕ್ಕಸದ ಸ್ಥಿತಿಗತಿಯೊಡನೆ ಕೂಡಿಕೊಂಡದ್ದು. ಅದನ್ನು ಇನ್ನೊಮ್ಮೆ ಎತ್ತಿಕೊಳ್ಳುವೆವು. ಆದರೆ ಬೊಕ್ಕಸಕ್ಕೆ ಹೆಚ್ಚು ಭಾರವಾಗದ ಕೆಲವು ಕೆಲಸಗಳಿವೆ, ಅವು ಯಾವ ಅಧಿಕಾರಿಗೂ ಅಸಾಧ್ಯವಲ್ಲ. ನೇಮಕದ ಪರೀಕ್ಷೆಯು ಪ್ರತಿವರ್ಷ ಇಂಥ ತಿಂಗಳಲ್ಲಿ ನಡೆದೇ ನಡೆಯುವದೆಂದು ಗೊತ್ತುಪಡಿಸಿ, ಹುದ್ದೆ ನೂರಿರಲಿ ಸಾವಿರವಿರಲಿ, ಆ ಮಾತನ್ನು ಉಳಿಸಿಕೊಳ್ಳಬೇಕು. ಮಳೆ ಕಡಿಮೆಯಾದರೂ ತಿಥಿಗೆ ಸರಿಯಾಗಿ ಬಂದರೆ ರೈತನು ಬಿತ್ತುತ್ತಾನೆ. ಯಾವಾಗ ಬಂದೀತೆಂದು ತಿಳಿಯದಿದ್ದಾಗಲೇ ಅವನು ಊರು ಬಿಡುವದು. ಅತಿಥಿ ಶಿಕ್ಷಕರಾಗಿ ದುಡಿದ ವರ್ಷಗಳಿಗೆ ನೇಮಕದಲ್ಲಿ ಇಷ್ಟೆಂದು ಗಣನೆ ಇರಬೇಕು. ತರಬೇತಿಯ 20 ವಾರಗಳಿಗೆ ಹತ್ತಿರವೆಂಬ ಒಂದೇ ಕಾರಣದಿಂದ ಶಾಲೆಗಳನ್ನು ಆರಿಸದೆ, ಚೆನ್ನಾಗಿ ಕಲಿಸುವವರೆಂದು ತಾಲೂಕಿಗೆಲ್ಲ ಗೊತ್ತಿರುವ ಶಿಕ್ಷಕರ ಶಾಲೆಗಳನ್ನು ಆರಿಸಬೇಕು. ಅಂಥವರು ಪ್ರತಿ ತಾಲೂಕಿನಲ್ಲಿಯೂ ಇದ್ದಾರೆ, ಅವರ ಹೆಸರು ಊರಿನ ತಾಯಂದಿರಿಗೆ ಗೊತ್ತಿದೆ. ಒಬ್ಬ ಶಿಕ್ಷಕರಿಗೆ ಇಬ್ಬರು ತರಬೇತಿಯವರನ್ನು ಒಪ್ಪಿಸಿ, ಆ ವಾರಗಳಲ್ಲಿ ಅವರ ಲೆಕ್ಕಪತ್ರದ ಕೆಲಸವನ್ನು ಬೇರೆಯವರಿಗೆ ವಹಿಸಿ, ಅವರಿಗೆ ಅಲ್ಪವಾದರೂ ಒಂದು ಸಂಭಾವನೆಯನ್ನೂ, ತರಬೇತಿಯವರ ಯೋಗ್ಯತೆಯ ಬಗೆಗೆ ಮಾತನಾಡುವ ಅಧಿಕಾರವನ್ನೂ ಕೊಡಬೇಕು. ಕೆಲವು ವಾರಗಳಾದರೂ ಬಹು ಇಯತ್ತೆಯ ಚಿಕ್ಕ ಶಾಲೆಯಲ್ಲಿ ಕಡ್ಡಾಯವಾಗಿ ಕಳೆಯಬೇಕು.

ಈ ಪತ್ರಿಕೆಯನ್ನು ಓದುವವರಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಅಧಿಕಾರಿಗಳೂ, ಶಿಕ್ಷಣ ಮಹಾವಿದ್ಯಾಲಯಗಳ ಉಪನ್ಯಾಸಕರೂ ಅನೇಕರಿದ್ದಾರೆಂದು ಬಲ್ಲೆವು. ಅವರಲ್ಲಿ ನಮ್ಮದೊಂದು ಬಿನ್ನಹವಿದೆ. ಮುಂದಿನ ಸಾರೆ ಪಾಠವೀಕ್ಷಣೆಗೆ ಹೋದಾಗ ಒಂದು ದಿನಕ್ಕೆ ಒಂದೇ ಶಾಲೆಗೆ ಹೋಗಿರಿ. ವಹಿಯನ್ನು ಮುಚ್ಚಿಡಿಸಿರಿ. ಹುಡುಗರ ಸಾಲಿನಲ್ಲಿ ಹಿಂದಿನ ಮಣೆಯ ಮೇಲೆ ಕುಳಿತು, ಗಂಟೆ ಬಾರಿಸುವವರೆಗೆ ಏಳದಿರಿ. ಮೂರನೆಯ ಸಾಲಿನ ಹುಡುಗನು ಏಳುವದು ಸಾಮಾನ್ಯವಾಗಿ ಪಾಠದ ಕೊನೆಯ ಹತ್ತು ನಿಮಿಷಗಳಲ್ಲಿ.